ಅಲ್ಲಿನ ಹಿರಿಯರಿಗೆ ಎಷ್ಟು, ನಮ್ಮ ಹಿರಿಯರಿಗೆ ಎಷ್ಟು? ಪಿಂಚಣಿ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಲೆಕ್ಕಪರಿಶೋಧಕಿ. ಇಪ್ಪತ್ತೆರಡು ವರ್ಷದಿಂದ ಪಿಎಫ್, ಪಿಂಚಣಿ, ಹೊರದೇಶದಿಂದ ವಾಪಸ್ ಬಂದವರ ಲೆಕ್ಕ, ಇದನ್ನೇ ಜಾಸ್ತಿ ನೋಡುತ್ತಾ ಬಂದಿದ್ದೇನೆ. ಕಳೆದ ವಾರ ಗುಂಪಿನಲ್ಲಿ ಒಬ್ಬರು, ಬೇರೆ ದೇಶಗಳಲ್ಲಿ ವಯಸ್ಸಾದವರಿಗೆ ಸರ್ಕಾರ ಏನು ಕೊಡುತ್ತದೆ, ನಮ್ಮಲ್ಲಿ ಯಾಕೆ ಇಷ್ಟು ಕಡಿಮೆ ಅಂತ ಕೇಳಿದ್ದರು. ಅದರ ಕೆಳಗೆ ಪ್ರಶ್ನೆಗಳು ಬರುತ್ತಲೇ ಹೋದವು. ನಮ್ಮ ಕಡೆ ಮನೆಗೊಬ್ಬರಾದರೂ ದುಬೈಯಲ್ಲೋ ಲಂಡನ್‌ನಲ್ಲೋ ಇರುತ್ತಾರೆ, ಅಲ್ವಾ? ಹಾಗಾಗಿ ಈ ಹೋಲಿಕೆ ನಮಗೆ ಸುಮ್ನೆ ಕುತೂಹಲದ ವಿಷಯ ಅಲ್ಲ. ಒಂದೊಂದಾಗಿ ಉತ್ತರ ಬರೆಯುತ್ತೇನೆ. ಆಧಾರ್ ಸಂಖ್ಯೆ, ಪಿಎಫ್ ಸಂಖ್ಯೆ ಯಾರೂ ಇಲ್ಲಿ ಹಾಕಬೇಡಿ.

ಬಂಟ್ವಾಳದಿಂದ ಪ್ರಶ್ನೆ: ಮೇಡಂ, ನನ್ನ ಅಮ್ಮ 1991ರಿಂದ ಬೀಡಿ ಕಟ್ಟುತ್ತಿದ್ದರು. ಪಿಎಫ್ ಇತ್ತು. 2019ರಲ್ಲಿ 58 ತುಂಬಿತು. ಈಗ ತಿಂಗಳಿಗೆ 1,150 ರೂಪಾಯಿ ಪೆನ್ಶನ್ ಬರುತ್ತದೆ. ಪೆನ್ಶನ್ ಕಾಗದದಲ್ಲಿ ಸರಾಸರಿ ವೇತನ 3,500 ಅಂತ ಉಂಟು. ನನ್ನ ಅಣ್ಣನ ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ಅವನಿರುವ ಮನೆಯ ಅಜ್ಜಿಗೆ ನಾಲ್ಕು ವಾರಕ್ಕೆ 900 ಪೌಂಡಿಗಿಂತ ಜಾಸ್ತಿ ಬರುತ್ತದಂತೆ. ಅವರು ಅಂಗಡಿಯಲ್ಲಿ ಕೆಲಸಕ್ಕಿದ್ದವರು, ದೊಡ್ಡ ಅಧಿಕಾರಿಯೇನೂ ಅಲ್ಲ. ಅಮ್ಮನೂ ಬೆನ್ನು ಬಗ್ಗಿಸಿ ದುಡಿದಿದ್ದಾರೆ. ಇಷ್ಟು ವ್ಯತ್ಯಾಸ ಹೇಗೆ?

ಉತ್ತರ: ತಂಗಿ, ನಿಮ್ಮ ಪ್ರಶ್ನೆ ಓದಿ ನನಗೂ ಸಂಕಟವಾಯಿತು. ಮೊದಲು ಅಮ್ಮನ ಲೆಕ್ಕ ನೋಡೋಣ.

ಪಿಎಫ್ ಇರುವವರ ಪಿಂಚಣಿ ಯೋಜನೆ ಶುರುವಾದದ್ದು 1995ರ ನವೆಂಬರ್ 16ಕ್ಕೆ. ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 20 ವರ್ಷ ಸೇವೆ ಆದವರಿಗೆ ಇನ್ನೂ 2 ವರ್ಷ ಸೇರಿಸುತ್ತಾರೆ. ಈ ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 15,000ದ ಮಿತಿ ಇದೆ. ಹಾಗಾಗಿ ಮಿತಿಯಷ್ಟು ವೇತನ ಇದ್ದು 35 ವರ್ಷ ದುಡಿದವರಿಗೂ ಎಂಟು ಸಾವಿರ ದಾಟುವುದಿಲ್ಲ. ಬೀಡಿ ಕಟ್ಟುವವರ ವೇತನ ಎಂದರೆ ಕಟ್ಟಿದ ಸಾವಿರಗಳ ಲೆಕ್ಕ. ಮಳೆಗಾಲದಲ್ಲಿ ಎಲೆ ಸರಿಯಾಗಿ ಬಾರದಿದ್ದರೆ, ಬ್ರಾಂಚಿನಲ್ಲಿ (ಎಲೆ ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗ) ವಾರಕ್ಕೆ ಎರಡೇ ದಿನ ಕೆಲಸ ಕೊಟ್ಟರೆ, ಆ ತಿಂಗಳ ವೇತನ ಅಷ್ಟೇ. ಅದೇ ಕಡಿಮೆ ಅಂಕಿ ಕೊನೆಗೆ ಪಿಂಚಣಿಯಲ್ಲೂ ಕೂರುತ್ತದೆ.

ಇಂಗ್ಲೆಂಡಿನ ಅಜ್ಜಿಯ ಲೆಕ್ಕವೇ ಬೇರೆ. ಅಲ್ಲಿನ ಸರ್ಕಾರಿ ಪಿಂಚಣಿಗೆ ವೇತನ ಎಷ್ಟಿತ್ತು ಅಂತ ಕೇಳುವುದಿಲ್ಲ. ಎಷ್ಟು ವರ್ಷ ವಿಮೆ ಕಂತು ಕಟ್ಟಿದ್ದೀರಿ ಅಂತ ಕೇಳುತ್ತಾರೆ. 2016ರ ಏಪ್ರಿಲ್‌ನಲ್ಲಿ ಬಂದ ಹೊಸ ಪದ್ಧತಿಯಲ್ಲಿ 35 ವರ್ಷ ತುಂಬಿದವರಿಗೆ ಸಾಮಾನ್ಯವಾಗಿ ಪೂರ್ತಿ ಮೊತ್ತ. ಕನಿಷ್ಠ 10 ವರ್ಷ ಬೇಕು. ಅಂಗಡಿಯಲ್ಲಿ ನಿಂತವರಿಗೂ ಬ್ಯಾಂಕ್ ಮ್ಯಾನೇಜರ್‌ಗೂ ಆ ಪೂರ್ತಿ ಮೊತ್ತ ಒಂದೇ. ಚಿಕ್ಕ ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿದ್ದ ವರ್ಷಗಳನ್ನೂ ಸೇರಿಸಿಕೊಳ್ಳುತ್ತಾರೆ. 2025ರ ಏಪ್ರಿಲ್‌ನಲ್ಲಿ ಅದು ವಾರಕ್ಕೆ 230.25 ಪೌಂಡ್ ಆಯಿತು. ನಾಲ್ಕು ವಾರಕ್ಕೆ 921. ನಿಮ್ಮ ಅಣ್ಣನ ಮಗ ಹೇಳಿದ್ದು ಸರಿ.

ಆದರೆ ಪೌಂಡನ್ನು ರೂಪಾಯಿ ಮಾಡಿ ನೋಡಬೇಡಿ. ಅಲ್ಲಿ ಬ್ರೆಡ್ಡಿಗೆ, ಬಾಡಿಗೆಗೆ, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲಿಕ್ಕೆ ಕೊಡುವುದೂ ಪೌಂಡೇ. ನಾನು ನೋಡುವುದು ಬೇರೆ ಒಂದು ವಿಷಯ. ಆ ಅಜ್ಜಿಯ ಪಿಂಚಣಿ ಪ್ರತಿ ಏಪ್ರಿಲ್‌ಗೆ ಏರುತ್ತದೆ. ಬೆಲೆ ಏರಿಕೆ ಎಷ್ಟು, ಜನರ ಸಂಬಳ ಎಷ್ಟು ಏರಿತು, ಇಲ್ಲವೇ ಶೇ. 2.5, ಈ ಮೂರರಲ್ಲಿ ಯಾವುದು ದೊಡ್ಡದೋ ಅಷ್ಟು. ಅಮೆರಿಕದಲ್ಲೂ 1975ರಿಂದ ಬೆಲೆ ಏರಿದಷ್ಟು ತಾನಾಗಿಯೇ ಏರುತ್ತದೆ, ಯಾರೂ ಮನವಿ ಕೊಡಬೇಕಾಗಿಲ್ಲ. ನಮ್ಮ ಪಿಎಫ್ ಪಿಂಚಣಿಯಲ್ಲಿ ಅಂಥದ್ದೇನೂ ಇಲ್ಲ. ಕನಿಷ್ಠ 1,000 ರೂಪಾಯಿ ಅಂತ 2014ರ ಸೆಪ್ಟೆಂಬರ್‌ನಲ್ಲಿ ಮಾಡಿದರು. ಆಗಿನ ಸಾವಿರಕ್ಕೆ ಎಷ್ಟು ಕುಚ್ಚಲಕ್ಕಿ ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಅಂತ ಅಮ್ಮನನ್ನೇ ಕೇಳಿ.

ಬೆಲೆಯ ಜೊತೆ ಏರುವ ಪಿಂಚಣಿ ನಮಗೆ ಗೊತ್ತಿಲ್ಲದ್ದೂ ಅಲ್ಲ. ಪಕ್ಕದ ಮನೆಯ ನಿವೃತ್ತ ಸರ್ಕಾರಿ ಮೇಷ್ಟ್ರಿಗೆ ಡಿಎ, ಅಂದರೆ ತುಟ್ಟಿಭತ್ಯೆ, ಏರುತ್ತದೆ. ನಿಮ್ಮ ಅಮ್ಮನಿಗೂ ಬೀಡಿ ಕಟ್ಟುವಾಗ ಸಾವಿರ ಬೀಡಿಗೆ ಇಷ್ಟು ಅಂತ ಡಿಎ ಇತ್ತು. ನಮ್ಮ ಜಿಲ್ಲೆಯ ಬೀಡಿ ಕಾರ್ಮಿಕರು ಅದಕ್ಕಾಗಿ ಎಷ್ಟು ಸಲ ಬೀದಿಗೆ ಇಳಿದಿದ್ದಾರೆ! ಕೈಯಲ್ಲಿ ಶಕ್ತಿ ಇರುವಾಗ ಇದ್ದ ಡಿಎ, ಕೈ ಸೋತ ದಿನದಿಂದ ನಿಂತುಹೋಯಿತು. ನನ್ನ ದೃಷ್ಟಿಯಲ್ಲಿ ನಮ್ಮ ಯೋಜನೆಯ ದೊಡ್ಡ ಕೊರತೆ ಇದೇ. ಮೊತ್ತ ಚಿಕ್ಕದು ಎನ್ನುವುದಕ್ಕಿಂತ, ಚಿಕ್ಕದು ವರ್ಷ ವರ್ಷ ಇನ್ನೂ ಚಿಕ್ಕದಾಗುತ್ತಾ ಹೋಗುವುದು.

ಈಗ ಒಂದು ಮುಖ್ಯ ವಿಷಯ. ನೀವು ಕೊಟ್ಟ ಅಂಕಿಗಳನ್ನು ನಾನು ಹಿಂದಕ್ಕೆ ಲೆಕ್ಕ ಹಾಕಿದೆ. 3,500ಕ್ಕೆ 1,150 ಬರಬೇಕಾದರೆ ವರ್ಷ 23 ಆಗಬೇಕು. ಸೇರಿಸಿಕೊಟ್ಟ 2 ತೆಗೆದರೆ ಸೇವೆ 21. ಅಮ್ಮ 1991ರಿಂದ ಕಟ್ಟಿದ್ದಾರೆ ಎನ್ನುತ್ತೀರಿ. 1995ರ ನವೆಂಬರ್‌ನಿಂದ ಹಿಡಿದರೂ 2019ಕ್ಕೆ 24 ಆಗಬೇಕಿತ್ತು. ಪಿಂಚಣಿ ಕಾಗದದಲ್ಲಿ ಸೇರಿದ ದಿನ ಯಾವುದು ಅಂತ ನೋಡಿ ಹೇಳಿ.

ಮತ್ತೆ, ಜೀವಂತ ಪ್ರಮಾಣಪತ್ರ ವರ್ಷಕ್ಕೊಮ್ಮೆ ಕೊಡಲೇಬೇಕು. ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಬೀಡಿ ಕಟ್ಟಿದವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಅಮ್ಮನನ್ನು ರಿಕ್ಷಾದಲ್ಲಿ ಕೂರಿಸಿ ಅಲೆದಾಡಿಸಬೇಡಿ. ಮನೆಯಲ್ಲೇ ಮೊಬೈಲಿನಲ್ಲಿ ಮುಖ ತೋರಿಸಿ ಮಾಡಬಹುದು.

ಬಂಟ್ವಾಳ: ಮುಖ ತೋರಿಸಿ ಆಗುತ್ತದೆ ಅಂತ ಗೊತ್ತೇ ಇರಲಿಲ್ಲ ಮೇಡಂ. ಕಾಗದ ಹುಡುಕಿ ಹೇಳುತ್ತೇನೆ.

ಮಂಗಳೂರು ಕದ್ರಿಯಿಂದ ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ನೇಪಾಳದವರು. ಊರಲ್ಲಿ ಅವರ ತಾಯಿಗೆ ಸರ್ಕಾರ ತಿಂಗಳಿಗೆ 4,000 ಕೊಡುತ್ತದೆ, ಅದೂ ಬಡವರೋ ಶ್ರೀಮಂತರೋ ಅಂತ ಕೇಳದೆ ಅಂದರು. ನಂಬಬಹುದಾ?

ಉತ್ತರ: ನಂಬಿ, ಸರ್. ನೇಪಾಳದಲ್ಲಿ ಇದು 1990ರ ದಶಕದ ನಡುವೆ ಶುರುವಾಯಿತು. ಆಗ 75 ದಾಟಿದವರಿಗೆ ತಿಂಗಳಿಗೆ ನೂರು ರೂಪಾಯಿ. ಆಮೇಲೆ ಬಂದ ಸರ್ಕಾರಗಳು ಏರಿಸುತ್ತಾ ಬಂದವು. 2021ರಲ್ಲಿ 4,000 ಮಾಡಿದರು, 2022ರಲ್ಲಿ ವಯಸ್ಸನ್ನು 68ಕ್ಕೆ ಇಳಿಸಿದರು. ಅದು ನೇಪಾಳಿ ರೂಪಾಯಿ. ನಮ್ಮ 1 ರೂಪಾಯಿಗೆ ಅವರ 1.60. ಅಂದರೆ ನಮ್ಮ ಲೆಕ್ಕದಲ್ಲಿ 2,500. ಬೇರೆ ಪಿಂಚಣಿ ಇಲ್ಲದಿದ್ದರೆ ಸಾಕು, ವಯಸ್ಸು ಮತ್ತು ಪೌರತ್ವದ ಕಾಗದ ತೋರಿಸಿದರೆ ಸಿಗುತ್ತದೆ. ಆದಾಯ ಎಷ್ಟು ಅಂತ ಕೇಳುವುದಿಲ್ಲ.

ಇದರ ಪಕ್ಕದಲ್ಲಿ ನಮ್ಮದನ್ನು ಇಡಿ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಕೇಂದ್ರ ಕೊಡುವುದು 60ರಿಂದ 79ರವರೆಗೆ 200 ರೂಪಾಯಿ, 80 ದಾಟಿದರೆ 500. 1995ರಲ್ಲಿ ಯೋಜನೆ ಶುರುವಾದಾಗ 75 ರೂಪಾಯಿ ಇತ್ತು. 200 ಆಗಿ ಹದಿನೈದು ವರ್ಷದ ಮೇಲಾಯಿತು, ಅಲ್ಲೇ ನಿಂತಿದೆ. ಉಳಿದದ್ದು ರಾಜ್ಯದ ಮೇಲೆ. ಕರ್ನಾಟಕದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ 1,200. ಅದಕ್ಕೂ ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಬೇಕು, ಬೇರೆ ಪಿಂಚಣಿ ಇರಬಾರದು.

ನೇಪಾಳ ನಮಗಿಂತ ಶ್ರೀಮಂತ ದೇಶವೇನೂ ಅಲ್ಲ. ಹಾಗಾಗಿ 'ನಮ್ಮಲ್ಲಿ ದುಡ್ಡಿಲ್ಲ' ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಕುಂದಾಪುರದಿಂದ: ಮೇಡಂ, ಕ್ಷಮಿಸಿ, ನನಗೆ ಇದು ಸರಿ ಕಾಣುವುದಿಲ್ಲ. ಎರಡು ಬೋಟು, ಮೂರು ಅಂಗಡಿ ಇರುವವರ ಅಪ್ಪನಿಗೂ ಸರ್ಕಾರ ಯಾಕೆ ಕೊಡಬೇಕು? ಅದೇ ಹಣ ಬಡವರಿಗೆ ಜಾಸ್ತಿ ಕೊಡಬಹುದಲ್ಲ?

ಉತ್ತರ: ಒಳ್ಳೆಯ ಆಕ್ಷೇಪ, ಅಣ್ಣ. ಬೇರೆ ಬೇರೆ ದೇಶಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ನ್ಯೂಜಿಲೆಂಡ್‌ನಲ್ಲಿ 65 ಆದರೆ, ದೇಶದಲ್ಲಿ ಬೇಕಾದಷ್ಟು ವರ್ಷ ನೆಲೆಸಿದ್ದರೆ, ಆಸ್ತಿ ಕೇಳದೆ ಕೊಡುತ್ತಾರೆ. ಆದರೆ ಆ ಪಿಂಚಣಿಗೂ ತೆರಿಗೆ ಉಂಟು. ಆದಾಯ ಜಾಸ್ತಿ ಇದ್ದವರಿಂದ ಜಾಸ್ತಿ ವಾಪಸ್ ಹೋಗುತ್ತದೆ. ಕೆನಡಾದಲ್ಲಿ ಆದಾಯ ಒಂದು ಮಟ್ಟ ದಾಟಿದರೆ ಸ್ವಲ್ಪ ಸ್ವಲ್ಪವಾಗಿ ಹಿಂದೆ ಪಡೆಯುತ್ತಾರೆ. ಆಸ್ಟ್ರೇಲಿಯಾ ನೀವು ಹೇಳಿದ ಹಾಗೆಯೇ ಮಾಡುತ್ತದೆ. ಆದಾಯ, ಆಸ್ತಿ ಎರಡನ್ನೂ ನೋಡಿ 67ಕ್ಕೆ ಕೊಡುತ್ತದೆ. ವಾಸದ ಮನೆಯನ್ನು ಮಾತ್ರ ಆಸ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೆ ಬಡವರನ್ನು ಮಾತ್ರ ಆರಿಸುವ ಕೆಲಸ ಚೆನ್ನಾಗಿ ನಡೆಯಬೇಕಾದರೆ ಎಲ್ಲರ ಆದಾಯದ ಲೆಕ್ಕ ಸರಿಯಾಗಿ ಸರ್ಕಾರದ ಕೈಯಲ್ಲಿ ಇರಬೇಕು. ಆಸ್ಟ್ರೇಲಿಯಾದಲ್ಲಿ ಅದು ಇದೆ. ನಮ್ಮಲ್ಲಿ ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿದು ವಯಸ್ಸಾದ ಒಂಟಿ ಹೆಂಗಸು ಆದಾಯ ಹೇಗೆ ತೋರಿಸಬೇಕು? ಮಗ ಬೆಂಗಳೂರಿನಲ್ಲಿ ದುಡಿಯುತ್ತಾನೆ ಅಂತ ಪಡಿತರ ಚೀಟಿಯಲ್ಲಿ ಹೆಸರಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆ ಮಗ ಹಣ ಕಳಿಸುತ್ತಾನೋ ಇಲ್ಲವೋ ಯಾರೂ ಕೇಳುವುದಿಲ್ಲ. ಬೋಟು ಇದ್ದವರ ಅಪ್ಪನಿಗೆ 1,200 ಹೋದರೆ ನಷ್ಟ 1,200. ಈ ಹೆಂಗಸಿಗೆ ಸಿಗದಿದ್ದರೆ ಹೋಗುವುದು ಅವಳ ಊಟ. ನಾನು ಎರಡನೇ ತಪ್ಪಿಗೆ ಜಾಸ್ತಿ ಹೆದರುತ್ತೇನೆ.

ಕಾಪುವಿನಿಂದ ಪ್ರಶ್ನೆ: ನಮಸ್ತೆ ಮೇಡಂ. ದುಬೈಯಲ್ಲಿ ಒಂದೇ ಕಂಪನಿಯಲ್ಲಿ 24 ವರ್ಷ ಆಯಿತು. ಈಗ 59. ಮುಂದಿನ ವರ್ಷ ಊರಿಗೆ ಬರುತ್ತೇನೆ. ಮೂಲ ವೇತನ 3,000 ದಿರ್ಹಮ್, ಉಳಿದದ್ದು ಭತ್ಯೆ. ಅಲ್ಲಿಂದ ಪೆನ್ಶನ್ ಏನಾದರೂ ಸಿಗುತ್ತದಾ?

ಉತ್ತರ: ಅಣ್ಣ, ಪಿಂಚಣಿ ಇಲ್ಲ. ಗಲ್ಫ್ ದೇಶಗಳ ಸರ್ಕಾರಿ ಪಿಂಚಣಿ ಅಲ್ಲಿನ ಪ್ರಜೆಗಳಿಗೆ. ಹೊರಗಿನಿಂದ ಹೋದವರಿಗೆ ಸಿಗುವುದು ಕೆಲಸ ಬಿಡುವಾಗಿನ ಗ್ರಾಚ್ಯುಟಿ, ಒಂದೇ ಸಲ.

ಯುಎಇ ನಿಯಮದಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನ. ನಿಮಗೆ ದಿನಕ್ಕೆ 100 ದಿರ್ಹಮ್ ಆಯಿತು. ಮೊದಲ ಐದಕ್ಕೆ 10,500, ಉಳಿದ ಹತ್ತೊಂಬತ್ತಕ್ಕೆ 57,000. ಒಟ್ಟು 67,500 ದಿರ್ಹಮ್. ಎಷ್ಟೇ ವರ್ಷ ದುಡಿದರೂ ಎರಡು ವರ್ಷದ ವೇತನ ಮೀರುವ ಹಾಗಿಲ್ಲ. ನೀವು ಆ ಮಿತಿಯ ಒಳಗೇ ಇದ್ದೀರಿ. ಭತ್ಯೆ ಲೆಕ್ಕಕ್ಕೆ ಬರುವುದಿಲ್ಲ. ಈಗ ಅಲ್ಲಿಗೆ ಹೊರಟಿರುವ ಹುಡುಗರು ಇದನ್ನು ಗಮನಿಸಬೇಕು. ಮೂಲ ವೇತನ ಕಡಿಮೆ ಬರೆದು ಭತ್ಯೆ ಜಾಸ್ತಿ ಬರೆದ ಒಪ್ಪಂದಕ್ಕೆ ಸಹಿ ಹಾಕಿದರೆ ಕೈಗೆ ಬರುವ ಸಂಬಳ ಅಷ್ಟೇ ಇರುತ್ತದೆ, ಇಪ್ಪತ್ತು ವರ್ಷದ ಮೇಲೆ ಗ್ರಾಚ್ಯುಟಿ ಅರ್ಧ ಆಗುತ್ತದೆ.

ಕಂಪನಿಯೇ ಮುಚ್ಚಿದರೆ ಗ್ರಾಚ್ಯುಟಿ ಕೈಗೆ ಬರುವುದೇ ಕಷ್ಟ. ನನ್ನ ಹತ್ತಿರ ಹಾಗೆ ಬರಿಗೈಯಲ್ಲಿ ಬಂದವರು ಇದ್ದಾರೆ. ಬಹರೈನ್‌ನಲ್ಲಿ 2024ರ ಮಾರ್ಚ್‌ನಿಂದ ಮಾಲೀಕರು ಈ ಹಣವನ್ನು ತಿಂಗಳು ತಿಂಗಳು ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕು ಅಂತ ಮಾಡಿದ್ದಾರೆ. ಇದು ತುಂಬಾ ಒಳ್ಳೆಯ ಬದಲಾವಣೆ.

ನೀವು ಬಂದ ಮೇಲೆ 60 ತುಂಬಿರುತ್ತದೆ. ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಬಹುದು. ಅನಿವಾಸಿ ಆಗಿರುವಾಗ ಹಾಕುವ ಹಾಗಿಲ್ಲ. ಒಬ್ಬರಿಗೆ 30 ಲಕ್ಷದವರೆಗೆ. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ. 8.2 ಆಯಿತು. ಸೇರಿದ ದಿನದ ದರ ಐದು ವರ್ಷ ಹಾಗೇ ಇರುತ್ತದೆ. ಆ ದರದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500. ಆದರೆ ಇದೂ ಬೆಲೆಯ ಜೊತೆ ಏರುವ ಹಣ ಅಲ್ಲ. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ ಹತ್ತು ವರ್ಷದ ಮೇಲೆ ಬಿಗಿಯಾಗುತ್ತದೆ. ಗೃಹಪ್ರವೇಶಕ್ಕೆ, ಮಗಳ ಮದುವೆಗೆ ಗ್ರಾಚ್ಯುಟಿ ಪೂರ್ತಿ ಖಾಲಿ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಉಳ್ಳಾಲದಿಂದ: ತಲಪಾಡಿ ಗೇಟಿನ ಆಚೆ ನನ್ನ ಚಿಕ್ಕಪ್ಪನ ಮಗನಿಗೆ ಪ್ರವಾಸಿ ಪೆನ್ಶನ್ ಬರುತ್ತದೆ. ಇಬ್ಬರೂ ಒಂದೇ ವಿಮಾನದಲ್ಲಿ ಹೋದವರು. ನನಗೆ ಯಾಕಿಲ್ಲ?

ಉತ್ತರ: ಅದು ಕೇರಳ ಸರ್ಕಾರದ ಪ್ರವಾಸಿ ಕಲ್ಯಾಣ ಮಂಡಳಿಯದ್ದು. ಅಲ್ಲಿ ಪ್ರವಾಸಿ ಅಂದರೆ ಹೊರಗೆ ಹೋಗಿ ದುಡಿಯುವವರು. ಸದಸ್ಯರಾಗಿ ತಿಂಗಳಿಗಿಷ್ಟು ಕಂತು ಕಟ್ಟಿದವರಿಗೆ 60ರ ನಂತರ ಪಿಂಚಣಿ. ಕರ್ನಾಟಕದಲ್ಲಿ ಅಂಥ ಪಿಂಚಣಿ ಇಲ್ಲ. ಇರಬೇಕು ಅಂತ ನಾನೂ ಹೇಳುತ್ತೇನೆ. ನಮ್ಮ ಎರಡು ಜಿಲ್ಲೆಯ ಎಷ್ಟು ಮನೆಗಳ ಹಂಚು, ಗೋಡೆ ಗಲ್ಫಿನ ದುಡ್ಡಿನಿಂದ ಎದ್ದಿವೆ!

ಶಿರ್ವದಿಂದ ಪ್ರಶ್ನೆ: ಮಗಳು ನರ್ಸ್. ಜರ್ಮನಿಗೆ ಹೋಗುವವಳಿದ್ದಾಳೆ. ಅವಳ ಗೆಳತಿ ಇಂಗ್ಲೆಂಡಿಗೆ ಬಾ ಎನ್ನುತ್ತಾಳೆ. ಆರೇಳು ವರ್ಷ ದುಡಿದು ಊರಿಗೆ ಬರುವ ಯೋಚನೆ. ಅಲ್ಲಿ ಕಟ್ಟಿದ ಪೆನ್ಶನ್ ಹಣ ಹಾಗೇ ಹೋಗುತ್ತದಾ?

ಉತ್ತರ: ಯಾವ ದೇಶ ಎನ್ನುವುದರ ಮೇಲೆ ಹೋಗುತ್ತದೆ, ಅಮ್ಮ. ಇದನ್ನು ವಿಮಾನ ಹತ್ತುವ ಮೊದಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು.

ಜರ್ಮನಿಯದ್ದು ಬಹಳ ಹಳೆಯ ಪದ್ಧತಿ, 1889ರ ಕಾನೂನಿನಿಂದ ಬಂದದ್ದು. ವೇತನದ ಶೇ. 18.6 ಕಂತು, ಅರ್ಧ ಮಗಳದ್ದು, ಅರ್ಧ ಆಸ್ಪತ್ರೆಯದ್ದು. 5 ವರ್ಷ ಕಟ್ಟಿದರೆ ಪಿಂಚಣಿಯ ಹಕ್ಕು ಬರುತ್ತದೆ. ಅವಳ ವಯಸ್ಸಿನವರಿಗೆ ಅದು ಶುರುವಾಗುವುದು 67ಕ್ಕೆ. ಭಾರತ ಮತ್ತು ಜರ್ಮನಿ ನಡುವಿನ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅವಳು ಶಿರ್ವದಲ್ಲಿ ಕೂತಿದ್ದರೂ ಹಣ ಇಲ್ಲಿಗೆ ಬರುತ್ತದೆ. ಒಂದು ವೇಳೆ ನಾಲ್ಕೇ ವರ್ಷಕ್ಕೆ ಬಂದರೂ ಇಲ್ಲಿನ ಪಿಎಫ್ ಪಿಂಚಣಿಯ ವರ್ಷ ಸೇರಿಸಿ ಅರ್ಹತೆ ನೋಡುತ್ತಾರೆ.

ಇಂಗ್ಲೆಂಡಿನಲ್ಲಿ 10 ವರ್ಷ ಬೇಕು. ಏಳೇ ವರ್ಷ ಇದ್ದು ಬಂದರೆ, ಉಳಿದ ವರ್ಷ ತುಂಬಿಸದಿದ್ದರೆ, ಏನೂ ಇಲ್ಲ. ಇನ್ನೊಂದು ವಿಷಯ ಅಲ್ಲಿಂದ ಬಂದವರಿಗೇ ತಡವಾಗಿ ಗೊತ್ತಾಗುತ್ತದೆ. ಪಿಂಚಣಿ ಪಡೆಯುತ್ತಾ ಭಾರತದಲ್ಲಿ ನೆಲೆಸಿದರೆ ಆ ಮೊತ್ತ ಅಲ್ಲಿಗೇ ನಿಲ್ಲುತ್ತದೆ. ನಾನು ಮೇಲೆ ಹೇಳಿದ ಪ್ರತಿ ಏಪ್ರಿಲ್‌ನ ಏರಿಕೆ ಭಾರತದಲ್ಲಿರುವವರಿಗೆ ಇಲ್ಲ. ನನ್ನ ಹತ್ತಿರ ಬರುವ ಒಬ್ಬ ಹಿರಿಯ ನರ್ಸ್ ಬರ್ಮಿಂಗ್‌ಹ್ಯಾಮಿನಲ್ಲಿ ದುಡಿದವರು. ಅವರ ಜೊತೆ ಒಂದೇ ವಾರ್ಡಿನಲ್ಲಿದ್ದವರಿಗೆ ಅಲ್ಲಿ ವರ್ಷ ವರ್ಷ ಏರುತ್ತಿದೆ. ಇವರಿಗೆ ಊರಿಗೆ ಬಂದ ವರ್ಷದ ಮೊತ್ತವೇ ಇಂದಿಗೂ.

ಹಾಗಾಗಿ ದೇಶ ಹೋಲಿಸುವಾಗ ತಿಂಗಳ ಮೊತ್ತ ಒಂದನ್ನೇ ನೋಡಬೇಡಿ. ಬೆಲೆಯ ಜೊತೆ ಏರುತ್ತದಾ, ನಿಮ್ಮ ಜೊತೆ ಊರಿಗೆ ಬರುತ್ತದಾ ನೋಡಿ. ಮಗಳಿಗೆ ಮೊದಲ ತಿಂಗಳಿಂದಲೇ ವಿಮಾ ಸಂಖ್ಯೆ, ವೇತನ ಚೀಟಿ ಎಲ್ಲ ಒಂದು ಫೈಲಿನಲ್ಲಿ ಇಡಲು ಹೇಳಿ. 67ಕ್ಕೆ ಅರ್ಜಿ ಹಾಕುವಾಗ ಆ ಆಸ್ಪತ್ರೆ ಇರುತ್ತದೋ ಇಲ್ಲವೋ ಯಾರಿಗೆ ಗೊತ್ತು.

ಮಣಿಪಾಲದಿಂದ: ಮಗ ಅಮೆರಿಕದಲ್ಲಿ ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಲ್ಲೂ ಹೀಗೇನಾ?

ಉತ್ತರ: ಅಮೆರಿಕದ ಜೊತೆ ನಮಗೆ ಅಂಥ ಒಪ್ಪಂದವೇ ಇಲ್ಲ. ವೇತನದಲ್ಲಿ ಶೇ. 6.2 ಹಿಡಿಯುತ್ತಾರೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. 40 ಕ್ರೆಡಿಟ್ ಆಗಬೇಕು, ಅಂದರೆ ಸುಮಾರು 10 ವರ್ಷದ ಕೆಲಸ. ಅದಾದರೆ ಭಾರತಕ್ಕೂ ಹಣ ಬರುತ್ತದೆ. ಎಂಟು ವರ್ಷಕ್ಕೆ ಬಂದರೆ ಕಟ್ಟಿದ್ದು ಅಲ್ಲೇ ಉಳಿಯುತ್ತದೆ. ವಾಪಸ್ ಬರುವ ಯೋಚನೆ ಇದ್ದರೆ ಇನ್ನೆರಡು ವರ್ಷದ ಲೆಕ್ಕ ಹಾಕಿಯೇ ತೀರ್ಮಾನ ಮಾಡಲಿ. 65ರ ನಂತರ ಅವರು ಕೊಡುವ ಆರೋಗ್ಯ ವಿಮೆ, ಮೆಡಿಕೇರ್, ಇಲ್ಲಿನ ಆಸ್ಪತ್ರೆಗಳಲ್ಲಿ ನಡೆಯುವುದಿಲ್ಲ.

ಮೂಡುಬಿದಿರೆಯಿಂದ ಪ್ರಶ್ನೆ: ಮೇಡಂ, ನಾನು ಆರು ವರ್ಷ ಇಸ್ರೇಲಿನಲ್ಲಿ ಕೇರ್‌ಗಿವರ್ ಆಗಿದ್ದೆ. ಒಬ್ಬ ಅಜ್ಜನನ್ನು ಸ್ನಾನ ಮಾಡಿಸಿ, ಊಟ ಮಾಡಿಸಿ ನೋಡಿಕೊಂಡೆ. ನನ್ನ ಸಂಬಳದಲ್ಲಿ ಒಂದು ಪಾಲು ಸರ್ಕಾರದ ಕಡೆಯಿಂದ ಬರುತ್ತಿತ್ತು. ಈಗ ನನ್ನ ಸ್ವಂತ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಇಲ್ಲಿ ಅಂಥದ್ದು ಏನಾದರೂ ಉಂಟಾ?

ಉತ್ತರ: ತಮ್ಮ, ಈ ಪ್ರಶ್ನೆ ಎರಡು ದಿನ ನನ್ನ ತಲೆಯಲ್ಲೇ ಇತ್ತು.

ಪಿಂಚಣಿ ಅಂದ ಕೂಡಲೇ ನಾವು ದುಡ್ಡಿನ ಬಗ್ಗೆ ಮಾತ್ರ ಮಾತಾಡುತ್ತೇವೆ. 80 ದಾಟಿದವರಿಗೆ ದುಡ್ಡಿಗಿಂತ ಮೊದಲು ಬೇಕಾದದ್ದು ಎಬ್ಬಿಸಿ ಕೂರಿಸುವ ಎರಡು ಕೈ. ಕೆಲವು ದೇಶಗಳು ಇದಕ್ಕೆ ಬೇರೆಯೇ ವ್ಯವಸ್ಥೆ ಮಾಡಿವೆ. ನೀವು ಕಣ್ಣಾರೆ ಕಂಡದ್ದು ಇಸ್ರೇಲಿನ ರಾಷ್ಟ್ರೀಯ ವಿಮಾ ಸಂಸ್ಥೆಯದ್ದು, 1988ರಿಂದ ಇದೆ. ಜರ್ಮನಿ 1995ರಲ್ಲಿ ಆರೈಕೆ ವಿಮೆ ತಂದಿತು. ಜಪಾನ್ 2000ದಲ್ಲಿ ತಂದಿತು. ಅಲ್ಲಿ 40 ತುಂಬಿದ ಎಲ್ಲರೂ ಅದಕ್ಕೆ ಕಂತು ಕಟ್ಟುತ್ತಾರೆ. ವಯಸ್ಸಾದವರ ಸ್ಥಿತಿಯನ್ನು ಮನೆಗೇ ಬಂದು ನೋಡಿ ಏಳು ಹಂತದಲ್ಲಿ ಒಂದಕ್ಕೆ ಸೇರಿಸುತ್ತಾರೆ. ಅದರ ಪ್ರಕಾರ ಸ್ನಾನಕ್ಕೆ, ವ್ಯಾಯಾಮಕ್ಕೆ, ಹಗಲು ಕೇಂದ್ರಕ್ಕೆ ಸಹಾಯ ಸಿಗುತ್ತದೆ. ಹೆಚ್ಚಿನವರು ಖರ್ಚಿನ ಹತ್ತನೇ ಒಂದು ಪಾಲು ಕೊಟ್ಟರೆ ಸಾಕು. ಎಲ್ಲ ಶ್ರೀಮಂತ ದೇಶದಲ್ಲೂ ಹೀಗಿಲ್ಲ. ಇಂಗ್ಲೆಂಡಿನಲ್ಲಿ ವೈದ್ಯರು ಉಚಿತ, ಆದರೆ ಇಂಥ ಆರೈಕೆಗೆ 23,250 ಪೌಂಡಿಗಿಂತ ಜಾಸ್ತಿ ಉಳಿತಾಯ ಇದ್ದವರು ತಮ್ಮ ಕೈಯಿಂದಲೇ ಕೊಡಬೇಕು.

ನಮ್ಮಲ್ಲಿ ಆರೈಕೆ ವಿಮೆ ಇಲ್ಲ. ನಮ್ಮಲ್ಲಿರುವುದು ಮಗಳು, ಸೊಸೆ, ಇಲ್ಲವೇ ನಿಮ್ಮಂಥ ಮಗ.

ನನ್ನ ಅಕ್ಕನ ವಿಷಯ ಹೇಳುತ್ತೇನೆ. ಅಮ್ಮನಿಗೆ ಪಾರ್ಶ್ವವಾಯು ಆದಾಗ ಅಕ್ಕ ಒಂದು ಖಾಸಗಿ ಶಾಲೆಯಲ್ಲಿ ಏಳು ವರ್ಷದಿಂದ ಕೆಲಸದಲ್ಲಿದ್ದಳು. ಬಿಟ್ಟಳು. ಒಂಬತ್ತು ವರ್ಷ ಅಮ್ಮನನ್ನು ನೋಡಿಕೊಂಡಳು. ಪಿಎಫ್ ಪಿಂಚಣಿಗೆ 10 ವರ್ಷ ಬೇಕು. ಅವಳದ್ದು ಏಳಕ್ಕೆ ನಿಂತಿತು. ಆ ಹಣವನ್ನೂ ಅಮ್ಮನ ಔಷಧಿಗೆ ತೆಗೆದಳು. ಇವತ್ತು ಅವಳಿಗೆ 61. ಪಿಂಚಣಿ ಇಲ್ಲ. ಜರ್ಮನಿಯಲ್ಲಿ ಮನೆಯವರೇ ನೋಡಿಕೊಂಡರೆ ಅದಕ್ಕೂ ತಿಂಗಳಿಗೆ ಹಣ ಇದೆ. ವಾರಕ್ಕೆ ಕನಿಷ್ಠ 10 ಗಂಟೆ ನೋಡಿಕೊಳ್ಳುವವರ ಹೆಸರಿಗೆ ಆರೈಕೆ ವಿಮೆಯವರೇ ಪಿಂಚಣಿ ಕಂತು ಕಟ್ಟುತ್ತಾರೆ. ಅಕ್ಕ ಅಲ್ಲಿ ಹುಟ್ಟಿದ್ದರೆ ಆ ಒಂಬತ್ತು ವರ್ಷ ಅವಳ ಲೆಕ್ಕದಲ್ಲಿ ಇರುತ್ತಿತ್ತು. ಬೇರೆ ದೇಶಗಳಿಂದ ಒಂದೇ ಒಂದು ನಿಯಮ ತರಬಹುದು ಅಂತ ಯಾರಾದರೂ ಹೇಳಿದರೆ ನಾನು ಇದನ್ನೇ ಕೇಳುತ್ತೇನೆ.

ನಿಮಗೆ ಈಗ ಮಾಡಲಿಕ್ಕೆ ಇರುವುದು ಸ್ವಲ್ಪ. ಒಡಹುಟ್ಟಿದವರು ಇದ್ದಾರಾ? ಅವರು ಕೈ ಜೋಡಿಸದಿದ್ದರೆ 2007ರ ಹಿರಿಯ ನಾಗರಿಕರ ಕಾನೂನಿನಲ್ಲಿ ಅಮ್ಮನ ಹೆಸರಿನಿಂದ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಜೀವನಾಂಶ ತಿಂಗಳಿಗೆ 10,000ದವರೆಗೆ. ಉಡುಪಿಯವರಿಗೆ ಆ ಕಚೇರಿ ಕುಂದಾಪುರದಲ್ಲಿ. ನಿಮ್ಮದು ಮಂಗಳೂರಿನಲ್ಲಿ. ಮಾಹಿತಿಗೆ 14567ಕ್ಕೆ ಕರೆ ಮಾಡಿ, ಹಿರಿಯರ ಸಹಾಯವಾಣಿ, ಉಚಿತ. ನಿಮ್ಮ ಹಳೆಯ ಪಿಎಫ್ ಖಾತೆ ಇದ್ದರೆ, 10 ವರ್ಷ ಆಗಿಲ್ಲದಿದ್ದರೆ, ಪಿಂಚಣಿ ಪಾಲನ್ನು ತೆಗೆಯಬೇಡಿ. ಸ್ಕೀಮ್ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ. ಮುಂದೆ ಮತ್ತೆ ಕೆಲಸಕ್ಕೆ ಸೇರಿದಾಗ ಆ ವರ್ಷಗಳು ಸೇರುತ್ತವೆ. ಅಕ್ಕನಿಗೆ ಆಗ ಇದನ್ನು ಹೇಳುವವರು ಯಾರೂ ಇರಲಿಲ್ಲ. ನಾನಿನ್ನೂ ಓದುತ್ತಿದ್ದೆ.

ಮೂಡುಬಿದಿರೆ: ಇಸ್ರೇಲಿಗೆ ಹೋಗುವ ಮೊದಲು ಆರು ವರ್ಷ ಪಿಎಫ್ ಇತ್ತು ಮೇಡಂ. ತೆಗೆಯಬೇಕು ಅಂತಲೇ ಇದ್ದೆ. ತೆಗೆಯುವುದಿಲ್ಲ.

ಕಾರ್ಕಳದಿಂದ: ಇಷ್ಟೆಲ್ಲ ಓದಿದ ಮೇಲೆ ಕೇಳುತ್ತೇನೆ, ವಯಸ್ಸಾಗಲಿಕ್ಕೆ ಯಾವ ದೇಶ ಒಳ್ಳೆಯದು?

ಉತ್ತರ: ಯಾರಿಗೆ ಎನ್ನುವುದರ ಮೇಲೆ. ಸಂಬಳದ ಕೆಲಸವನ್ನೇ ಮಾಡದೆ ಮನೆ ನಡೆಸಿದ ಹೆಂಗಸಿಗೆ ನ್ಯೂಜಿಲೆಂಡ್, ಕೆನಡಾದಂಥ ಕಡೆ ಒಳ್ಳೆಯದು. ಅಲ್ಲಿ ಎಷ್ಟು ವರ್ಷ ನೆಲೆಸಿದ್ದೀರಿ ಅಂತ ನೋಡುತ್ತಾರೆ, ಸಂಬಳ ಎಷ್ಟು ಅಂತ ಅಲ್ಲ. ಕೆನಡಾದಲ್ಲಿ ಪೂರ್ತಿ ಸಿಗಲು 40 ವರ್ಷ ಇರಬೇಕು. ಕೊನೆಯವರೆಗೆ ಸಂಬಳದ ಕೆಲಸದಲ್ಲಿದ್ದವರಿಗೆ ಜರ್ಮನಿ. ಸಿಂಗಪುರದಲ್ಲಿ ನಮ್ಮ ಪಿಎಫ್ ಹಾಗೆ ಅವರವರ ಖಾತೆ. ಸಂಬಳ ಒಳ್ಳೆಯದಿದ್ದವರಿಗೆ ಗಟ್ಟಿ, ಕಡಿಮೆ ಇದ್ದವರಿಗೆ ಕಡಿಮೆ.

ಬಂಟ್ವಾಳ: ಮೇಡಂ, ಕಾಗದ ಸಿಕ್ಕಿತು. ಸೇರಿದ ವರ್ಷ 1998 ಅಂತ ಇದೆ! ಅಮ್ಮ ಖಂಡಿತ 1991 ಎನ್ನುತ್ತಾರೆ, ನಾನು ಹುಟ್ಟಿದ ವರ್ಷ. ಅಟ್ಟದಲ್ಲಿ ಹಳೆಯ ಬ್ರಾಂಚಿನ ಪಾಸ್ ಪುಸ್ತಕ ಎರಡು ಸಿಕ್ಕಿವೆ. ಒಂದರಲ್ಲಿ 1993ರ ಲೆಕ್ಕ ಇದೆ, ಹೆಸರು ಅಮ್ಮನ ತವರಿನ ಹೆಸರು. ಪಿಎಫ್ ಸಂಖ್ಯೆ ಬೇರೆ.

ಉತ್ತರ: ಹಾಗಾದರೆ ಎರಡು ಖಾತೆ ಆಗಿದೆ ತಂಗಿ. ಮದುವೆಯಾಗಿ ಬಂದ ಮೇಲೆ ಬ್ರಾಂಚ್ ಬದಲಾದಾಗ ಹೊಸ ಹೆಸರಿನಲ್ಲಿ ಹೊಸ ಸಂಖ್ಯೆ ಕೊಟ್ಟಿರಬಹುದು. ಬೀಡಿ ಕೆಲಸದಲ್ಲಿ ನಾನು ಇದನ್ನು ತುಂಬಾ ಸಲ ನೋಡಿದ್ದೇನೆ. ಆ ಪುಸ್ತಕಗಳನ್ನು ಯಾರ ಕೈಗೂ ಕೊಡಬೇಡಿ, ಮೊದಲು ಪ್ರತಿ ಮಾಡಿಸಿ. ಎರಡೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್ ಮಾಡಿಸಿ. ಕಂಪನಿಯ ಸಹಿಯೊಂದಿಗೆ ಜಂಟಿ ಘೋಷಣೆ ಕೊಟ್ಟು ಎರಡು ಖಾತೆ ಸೇರಿಸಲು ಕೇಳಬೇಕು. ಪ್ರತಿ ತಿಂಗಳ 27ಕ್ಕೆ ಪಿಎಫ್‌ನವರು ಜಿಲ್ಲೆಗಳಲ್ಲಿ ಶಿಬಿರ ಮಾಡುತ್ತಾರೆ. ಅಲ್ಲಿಗೆ ಹೋದರೆ ಅಧಿಕಾರಿಯೇ ಎದುರು ಸಿಗುತ್ತಾರೆ.

1995ರ ನವೆಂಬರ್‌ನಿಂದ 24 ವರ್ಷ ಒಪ್ಪಿದರೆ, 2 ಸೇರಿಸಿ 26. ಆಗ 3,500ಕ್ಕೆ 1,300 ಆಗುತ್ತದೆ. ಅದಕ್ಕಿಂತ ಹಿಂದಿನ ವರ್ಷಗಳಿಗೆ ಹಳೆಯ ಕುಟುಂಬ ಪಿಂಚಣಿ ಯೋಜನೆಯ ಲೆಕ್ಕದಲ್ಲಿ ಇನ್ನೂ ಸ್ವಲ್ಪ ಸೇರಬಹುದು. 2019ರಿಂದ ತಿಂಗಳಿಗೆ 150ರಂತೆ ಬಾಕಿಯನ್ನೂ ಅರ್ಜಿಯಲ್ಲೇ ಕೇಳಿ. ಅರ್ಜಿಯ ಒಕ್ಕಣೆ ನಾನು ಬರೆದುಕೊಡುತ್ತೇನೆ, ಶುಲ್ಕ ಬೇಡ. ಶನಿವಾರ ಮಧ್ಯಾಹ್ನದ ಮೇಲೆ ಫೋನ್ ಮಾಡಿ. ಅಮ್ಮನೂ ಪಕ್ಕದಲ್ಲಿ ಇರಲಿ, ಯಾವ ಬ್ರಾಂಚಿನಲ್ಲಿ ಯಾವಾಗ ಇದ್ದರು ಅಂತ ಅವರ ಬಾಯಿಂದಲೇ ಕೇಳಬೇಕು.